ಕ್ಯಾಮ್, ವಾಲ್ವ್, ಪೋರ್ಟ್: ಎಂಜಿನ್ ಟೈಮಿಂಗ್ ಹೊಂದಾಣಿಕೆ ಮತ್ತು ಮೈಸೂರು

ಎಂಜಿನ್ನಿನ ಸಿಲಿಂಡರಿಗೆ ಗಾಳಿ ಯಾವ ಗಳಿಗೆಯಲ್ಲಿ ಬರಬೇಕು, ಸುಟ್ಟ ಅನಿಲ ಯಾವ ಗಳಿಗೆಯಲ್ಲಿ ಹೊರಡಬೇಕು ಎಂಬುದನ್ನು ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೋನಕ್ಕೆ ಹೊಂದಿಸಿ ಗೊತ್ತುಪಡಿಸುವ ಕೆಲಸವೇ ಟೈಮಿಂಗ್ ಹೊಂದಾಣಿಕೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಈ ಹೊಣೆ ಕ್ಯಾಮ್‌ಶಾಫ್ಟ್, ರಾಕರ್, ಸ್ಪ್ರಿಂಗ್ ಮತ್ತು ವಾಲ್ವುಗಳದು. ಬೈಕುಗಳ ಸಾಮಾನ್ಯ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇವು ಯಾವುವೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಎರಡರಲ್ಲೂ ನಿಯಮ ಒಂದೇ: ತೆರೆದಿರುವ ಅವಧಿಯನ್ನು ಹಿಗ್ಗಿಸಿದರೆ ಮೇಲಿನ ವೇಗದಲ್ಲಿ ಶಕ್ತಿ ಸಿಗುತ್ತದೆ, ಕೆಳಗಿನ ವೇಗದ ಎಳೆತ ಹೋಗುತ್ತದೆ, ಕುಗ್ಗಿಸಿದರೆ ಇದರ ತಿರುವುಮುರುವು. ಎರಡೂ ಕಡೆ ಏಕಕಾಲಕ್ಕೆ ಲಾಭ ಕೊಡುವ ಒಂದೇ ಒಂದು ಸ್ಥಿರ ಟೈಮಿಂಗ್ ಇಲ್ಲ. ಟ್ಯೂನಿಂಗಿನ ಹೆಸರಿನಲ್ಲಿ ಕೆಟ್ಟ ಎಂಜಿನ್ನುಗಳಲ್ಲಿ ಹೆಚ್ಚಿನವು ಈ ಮಾತನ್ನು ಒಪ್ಪದೆ, ಅಳೆಯದೆ, ಕೈ ಹಚ್ಚಿದ್ದರಿಂದ ಕೆಟ್ಟವು.

ಮೈಸೂರಿನ ಮಟ್ಟಿಗೆ ಈ ವಿದ್ಯೆಯ ಮೊದಲ ದೊಡ್ಡ ಪಾಠ ವಾಲ್ವೇ ಇಲ್ಲದ ಒಂದು ಎಂಜಿನ್ನಿನಿಂದ ಬಂತು.

ಯಾದವಗಿರಿಯ ಎಂಜಿನ್

ಮುಂಬಯಿಯ ಇರಾನಿ ಕುಟುಂಬ 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿತು. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿಸಿ ಮೋಟಾರ್ ಸೈಕಲ್ಲುಗಳು ಇಲ್ಲಿ ತಯಾರಾದವು. 1973ರಿಂದ ಅವು ಯೆಜ್ದಿ ಎಂಬ ಹೆಸರಿನಲ್ಲಿ ಹೊರಬಂದವು. 1978ರಲ್ಲಿ ಬಂದ ರೋಡ್‌ಕಿಂಗ್ ಇವುಗಳಲ್ಲಿ ಬಹಳ ಹೆಸರು ಮಾಡಿತು. 1996ರಲ್ಲಿ ಉತ್ಪಾದನೆ ನಿಂತಿತು. ಅಷ್ಟರೊಳಗೆ ಮೈಸೂರಿನ ಒಂದು ಇಡೀ ಪೀಳಿಗೆಯ ಮೆಕ್ಯಾನಿಕ್ಕುಗಳು, ಟರ್ನರ್‌ಗಳು, ಫಿಟ್ಟರ್‌ಗಳು ಎರಡು ಸ್ಟ್ರೋಕಿನ ಸಿಲಿಂಡರನ್ನು ಬಿಚ್ಚಿ ಜೋಡಿಸುತ್ತಲೇ ಕಸುಬು ಕಲಿತಿದ್ದರು.

ಜಾವಾದ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಈ ಅಳತೆಯ ಎಂಜಿನ್ ಕೆಳಗಿನ ವೇಗದಲ್ಲೇ ಚೆನ್ನಾಗಿ ಎಳೆಯುತ್ತದೆ. ಒಂದೇ ಸಿಲಿಂಡರು, ಆದರೆ ಎಕ್ಸಾಸ್ಟ್ ಪೋರ್ಟು ಎರಡು. ಹಾಗಾಗಿಯೇ ಬಂಡಿಯ ಎರಡೂ ಬದಿಗೆ ಒಂದೊಂದು ಸೈಲೆನ್ಸರ್. ಹೊಸ ಗಾಳಿ–ಪೆಟ್ರೋಲ್ ಮಿಶ್ರಣ ಪಿಸ್ಟನ್ನಿನ ಕೆಳ ಅಂಚು ಮೇಲೇರಿದಾಗ ಇನ್‌ಟೇಕ್ ಪೋರ್ಟಿನ ಮೂಲಕ ಕ್ರ್ಯಾಂಕ್‌ಕೇಸಿಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದರ ತಲೆ ಮೊದಲು ಎಕ್ಸಾಸ್ಟ್ ಪೋರ್ಟನ್ನು, ಸ್ವಲ್ಪ ಹೊತ್ತಿಗೆ ಆ ಮಿಶ್ರಣವನ್ನು ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ತರುವ ಟ್ರಾನ್ಸ್‌ಫರ್ ಪೋರ್ಟುಗಳನ್ನು ತೆರೆಯುತ್ತದೆ. ಈ ಎರಡರ ನಡುವಿನ ಅಂತರ ಬಹಳ ಮುಖ್ಯ. ಸುಟ್ಟ ಅನಿಲದ ಒತ್ತಡ ಇಳಿಯಲು ಸಿಗುವ ಸಮಯ ಅಷ್ಟೇ. ಅದು ಸಾಲದಿದ್ದರೆ ಬಿಸಿ ಅನಿಲ ಟ್ರಾನ್ಸ್‌ಫರ್ ಪೋರ್ಟಿನೊಳಕ್ಕೇ ನುಗ್ಗಿ ಹೊಸ ಮಿಶ್ರಣವನ್ನು ಹಿಂದಕ್ಕೆ ತಳ್ಳುತ್ತದೆ.

ಇಲ್ಲಿ ಕ್ಯಾಮಿನ ಆಕಾರವನ್ನು ಬದಲಿಸುವುದು ಎಂದರೆ ಪೋರ್ಟಿನ ಅಂಚನ್ನು ತೀಡುವುದು. ಎಷ್ಟು ತೀಡಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ನೋಡಬಹುದು. 75 ಮಿ.ಮೀ. ಸ್ಟ್ರೋಕ್ ಇದ್ದು, ಕನೆಕ್ಟಿಂಗ್ ರಾಡಿನ ಉದ್ದ ಅದರ ಎರಡರಷ್ಟು ಎಂದು ಇಟ್ಟುಕೊಳ್ಳೋಣ. ಎಕ್ಸಾಸ್ಟ್ ಪೋರ್ಟ್ ಒಟ್ಟು 150 ಡಿಗ್ರಿ ತೆರೆದಿರಬೇಕಾದರೆ ಅದರ ಮೇಲಂಚು ಪಿಸ್ಟನ್ನಿನ ಕೆಳತುದಿಯ ನಿಲುಗಡೆಯಿಂದ 23 ಮಿ.ಮೀ.ಗಿಂತ ತುಸು ಮೇಲಿರಬೇಕು. ಆ ಅಂಚನ್ನು ಒಂದೇ ಒಂದು ಮಿಲಿಮೀಟರ್ ಮೇಲಕ್ಕೆ ತೀಡಿದರೆ ತೆರೆದಿರುವ ಅವಧಿ ಸುಮಾರು ಮೂರೂವರೆ ಡಿಗ್ರಿ ಹೆಚ್ಚುತ್ತದೆ. ಎರಡು ಮೂರು ಮಿಲಿಮೀಟರ್ ತೀಡಿದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ: ಸಂತೆಯ ಜನಸಂದಣಿಯಲ್ಲಿ ಮೂರನೆಯ ಗೇರಿನಲ್ಲಿ ಸಾಗುತ್ತಿದ್ದ ಗಾಡಿ ಎರಡನೆಯದಕ್ಕೆ ಇಳಿಯದೆ ಮುಂದಕ್ಕೆ ಹೋಗುವುದಿಲ್ಲ. ಮಿಶ್ರಣವನ್ನು ನಿಜವಾಗಿ ಒತ್ತುವ ಸ್ಟ್ರೋಕಿನ ಭಾಗವೂ ಅಷ್ಟು ಮಿಲಿಮೀಟರ್ ಕಡಿಮೆಯಾಗುತ್ತದೆ. ತೀಡಿಹೋದ ಕಬ್ಬಿಣ ಮತ್ತೆ ಬರುವುದಿಲ್ಲ, ಸಿಲಿಂಡರನ್ನೇ ಬದಲಿಸಬೇಕು.

ಇದನ್ನು ಬಲ್ಲ ಕೈಗಳು ಮೂರು ದಾರಿಗಳನ್ನು ಒಂದು ಕ್ರಮದಲ್ಲಿ ಬಳಸುತ್ತವೆ. ಮೊದಲನೆಯದು ಸಿಲಿಂಡರಿನ ಬುಡದ ಪ್ಯಾಕಿಂಗ್. ಅದನ್ನು ದಪ್ಪ ಮಾಡಿದರೆ ಇಡೀ ಸಿಲಿಂಡರು ಮೇಲೇರುತ್ತದೆ. ಎಕ್ಸಾಸ್ಟ್, ಟ್ರಾನ್ಸ್‌ಫರ್ ಎರಡೂ ಬೇಗ ತೆರೆದು ತಡವಾಗಿ ಮುಚ್ಚುತ್ತವೆ, ಇನ್‌ಟೇಕ್ ಅವಧಿ ಮಾತ್ರ ಕುಗ್ಗುತ್ತದೆ. ಕಂಪ್ರೆಶನ್ ಕಡಿಮೆಯಾಗುವುದರಿಂದ ಹೆಡ್ಡನ್ನು ಲೇತಿಗೆ ಕೊಟ್ಟು ಅಷ್ಟು ಇಳಿಸಬೇಕಾಗುತ್ತದೆ. ಹಿಡಿಸದಿದ್ದರೆ ಹಳೆಯ ಪ್ಯಾಕಿಂಗಿಗೇ ಮರಳಬಹುದು ಎಂಬುದು ಈ ದಾರಿಯ ದೊಡ್ಡ ಗುಣ. ಎರಡನೆಯದು ಪಿಸ್ಟನ್ನಿನ ಕೆಳ ಅಂಚನ್ನು ಇನ್‌ಟೇಕ್ ಬದಿಯಲ್ಲಿ ಸ್ವಲ್ಪ ಕತ್ತರಿಸಿ ಇನ್‌ಟೇಕ್ ಅವಧಿಯನ್ನು ಹಿಗ್ಗಿಸುವುದು. ಕೆಟ್ಟರೆ ಹೋಗುವುದು ಪಿಸ್ಟನ್, ಸಿಲಿಂಡರಲ್ಲ. ಪೋರ್ಟಿಗೇ ಫೈಲು ಹಾಕುವುದು ಮೂರನೆಯ, ಕಡೆಯ ದಾರಿ. ಅಗಲ ಮಾಡುವುದಕ್ಕೂ ಮಿತಿ ಇದೆ: ಬಾಯಿ ಅತಿಯಾಗಿ ಅಗಲವಾದರೆ ಪಿಸ್ಟನ್ ರಿಂಗು ಹೊರಕ್ಕೆ ಚಾಚಿ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಅಗಲ ಮಾಡಿದ ಪ್ರತಿ ಅಂಚನ್ನೂ ನಯವಾಗಿ ಸವರಿ ಮೊನೆ ಮುರಿಯುವುದು ಇದೇ ಕಾರಣಕ್ಕೆ.

ಎರಡು ಸ್ಟ್ರೋಕಿಗೆ ಇನ್ನೊಂದು ಕಟ್ಟುಪಾಡಿದೆ. ಪಿಸ್ಟನ್ನು ಇಳಿಯುವ ದಾರಿಯಲ್ಲೇ ಏರುತ್ತದೆ. ಆದ್ದರಿಂದ ಪೋರ್ಟು ಎಷ್ಟು ಡಿಗ್ರಿ ಮೊದಲು ತೆರೆಯುತ್ತದೆಯೋ ಅಷ್ಟೇ ಡಿಗ್ರಿ ತಡವಾಗಿ ಮುಚ್ಚುತ್ತದೆ. ಬೇಗ ತೆರೆದು ಬೇಗ ಮುಚ್ಚು ಎಂದು ಪಿಸ್ಟನ್ನಿಗೆ ಹೇಳುವಂತಿಲ್ಲ. ಈ ಸಮರೂಪದ ಕೊರತೆಯನ್ನು ತುಂಬಿಕೊಡುವುದು ಸೈಲೆನ್ಸರ್. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ರೂಪಿಸಿದ ಎಕ್ಸ್‌ಪ್ಯಾನ್ಶನ್ ಚೇಂಬರು, ಹೊರಗೆ ಹೋಗುವ ಒತ್ತಡದ ಅಲೆಯನ್ನೇ ತಿರುಗಿಸಿ, ಪೋರ್ಟು ಮುಚ್ಚುವ ಮುನ್ನ ಸೋರಿಹೋಗಲಿದ್ದ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುವಂತೆ ಮಾಡಿತು. 1961ರಲ್ಲಿ ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಾರಾಗಿ ಸುಜುಕಿ ಸೇರಿದ ಮೇಲೆ ಈ ತಿಳಿವಳಿಕೆ ಜಪಾನಿಗೆ ಹರಿಯಿತು. ಅಲೆ ಸರಿಯಾದ ಗಳಿಗೆಗೆ ಮರಳುವುದು ಒಂದು ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ. ಹಾಗಾಗಿ ಪೋರ್ಟು ತೀಡಿ ಸೈಲೆನ್ಸರನ್ನು ಹಾಗೆಯೇ ಬಿಟ್ಟ ಎಂಜಿನ್, ಅರ್ಧಕ್ಕೆ ನಿಂತ ಕೆಲಸ. ಸೈಲೆನ್ಸರಿನ ಒಳಗಿನ ತಡೆಗಳನ್ನು ಕಿತ್ತುಹಾಕಿ ಸದ್ದು ಹೆಚ್ಚಿಸಿಕೊಂಡವರಿಗೆ ಶಕ್ತಿ ಹೆಚ್ಚಿದಂತೆ ಕಿವಿಗೆ ಅನಿಸುತ್ತದೆ, ಅಷ್ಟೆ.

ಮದ್ರಾಸಿನ ಬಳಿ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ಓಟಗಳಲ್ಲಿ ಜಾವಾ, ಯೆಜ್ದಿಗಳೂ ಓಡಿದವು. ಓಟಕ್ಕೆ ಸಿದ್ಧಪಡಿಸಿದ ಎಂಜಿನ್ನಿಗೂ ಊಟಿಗೆ ಇಬ್ಬರನ್ನು ಕೂರಿಸಿಕೊಂಡು ಹೋಗುವ ಎಂಜಿನ್ನಿಗೂ ಬೇಕಾದ ಪೋರ್ಟುಗಳು ಬೇರೆ ಬೇರೆ. ಈಗ ಉಳಿದಿರುವ ಬಂಡಿಗಳ ಮಾಲೀಕರಲ್ಲಿ ಹಲವರು ಯಾರೋ ಹಿಂದೆ ತೀಡಿದ ಸಿಲಿಂಡರನ್ನು ಬಿಟ್ಟು ಮೂಲ ಅಳತೆಯ ಸಿಲಿಂಡರನ್ನು ಹುಡುಕಿ ಹಾಕಿಕೊಳ್ಳುತ್ತಿದ್ದಾರೆ. ಆ ಆಯ್ಕೆ ಸರಿಯಾದದ್ದು. ದಿನದ ಸವಾರಿಗೆ ಚೆಕ್ ಎಂಜಿನಿಯರುಗಳು ಆರಿಸಿದ ಟೈಮಿಂಗಿಗಿಂತ ಒಳ್ಳೆಯದು ಸಿಗುವುದು ಕಷ್ಟ.

ಟೈಮಿಂಗಿಗೆ ನೇರವಾಗಿ ಸೇರದಿದ್ದರೂ, ಸಿಲಿಂಡರಿನ ಹೆಡ್ಡಿನ ಮೇಲೆ ಮೈಸೂರಿನಲ್ಲೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಮೈಸೂರಿನ ಟ್ಯೂನರ್ ಸೋಮೇಂದರ್ ಸಿಂಗ್, ಹೆಡ್ಡಿನಲ್ಲಿ ಪಿಸ್ಟನ್ನಿಗೆ ಹತ್ತಿರವಾಗಿ ಬರುವ ಸ್ಕ್ವಿಶ್ ಪಟ್ಟಿಯಲ್ಲಿ ತೋಡುಗಳನ್ನು ಕೊರೆದು, ಮಿಶ್ರಣ ಹೆಚ್ಚು ಸುಳಿದಾಡಿ ಬೇಗ ಸುಡುವಂತೆ ಮಾಡುವ ವಿನ್ಯಾಸಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಪೇಟೆಂಟ್ ಸಿಗುವುದು ಹೊಸತನಕ್ಕೆ. ಲಾಭ ಎಷ್ಟೆಂಬುದನ್ನು ಆಯಾ ಎಂಜಿನ್ನನ್ನು ಡೈನಮೋಮೀಟರಿಗೆ ಕಟ್ಟಿಯೇ ಅಳೆಯಬೇಕು. ಆದರೆ ದೊಡ್ಡ ಪ್ರಯೋಗಾಲಯವಿಲ್ಲದೆ, ದಹನದ ಕೋಣೆಯನ್ನೇ ಹೊಸದಾಗಿ ಯೋಚಿಸಿದ ಈ ಕೆಲಸ ಮೈಸೂರಿನ ಕಸುಬಿನ ಪರಂಪರೆಯಲ್ಲಿ ದಾಖಲಾಗಬೇಕಾದದ್ದು.

ಕ್ಯಾಮಿನ ಲೆಕ್ಕ

ನಾಲ್ಕು ಸ್ಟ್ರೋಕಿನಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಟೈಮಿಂಗನ್ನು ಮಾತ್ರ ಯಾವಾಗಲೂ ಕ್ರ್ಯಾಂಕಿನ ಡಿಗ್ರಿಯಲ್ಲಿ ಹೇಳುತ್ತಾರೆ. ಒಂದು ಸಾಧಾರಣ ಕ್ಯಾಮನ್ನು ತೆಗೆದುಕೊಳ್ಳೋಣ: ಇನ್‌ಟೇಕ್ ವಾಲ್ವು ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 20 ಡಿಗ್ರಿ ಮೊದಲೇ ತೆರೆದು, ಕೆಳತುದಿ ದಾಟಿ 50 ಡಿಗ್ರಿ ಆದ ಮೇಲೆ ಮುಚ್ಚುತ್ತದೆ. ಎಕ್ಸಾಸ್ಟ್ ಕೆಳತುದಿಗೆ 55 ಡಿಗ್ರಿ ಇರುವಾಗಲೇ ತೆರೆದು, ಮೇಲ್ತುದಿ ದಾಟಿ 15 ಡಿಗ್ರಿಗೆ ಮುಚ್ಚುತ್ತದೆ. ಎರಡರ ಅವಧಿಯೂ 250 ಡಿಗ್ರಿ. ಮೇಲ್ತುದಿಯ ಆಸುಪಾಸಿನಲ್ಲಿ 35 ಡಿಗ್ರಿ ಎರಡೂ ತೆರೆದಿರುತ್ತವೆ, ಇದು ಓವರ್‌ಲ್ಯಾಪ್.

ಪಿಸ್ಟನ್ ಮೇಲೇಳಲು ತೊಡಗಿದ ಮೇಲೂ ಇನ್‌ಟೇಕ್ ತೆರೆದಿರುವುದು ಏಕೆ? ಗಾಳಿಗೂ ತೂಕವಿದೆ, ಒಮ್ಮೆ ಓಡತೊಡಗಿದರೆ ಅದು ತನ್ನ ಓಟದ ಬಲದಿಂದಲೇ ಇನ್ನಷ್ಟು ಹೊತ್ತು ಒಳಗೆ ನುಗ್ಗುತ್ತಿರುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ 250 ಡಿಗ್ರಿ ಎಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಏಳು. ಅಷ್ಟು ಅವಸರದಲ್ಲಿ ತಡವಾಗಿ ಮುಚ್ಚುವುದು ಲಾಭ. 2,000 ಸುತ್ತಿನಲ್ಲಿ ಗಾಳಿಯ ಓಟ ನಿಧಾನ. ಅದೇ ತಡದಿಂದ ಪಿಸ್ಟನ್ನು ಒಳಬಂದ ಗಾಳಿಯನ್ನೇ ಹಿಂದಕ್ಕೆ ಕಾರ್ಬುರೇಟರಿಗೆ ತಳ್ಳುತ್ತದೆ. ನಾಲ್ಕು ಘಟನೆಗಳಲ್ಲಿ ಎಂಜಿನ್ನಿನ ಸ್ವಭಾವವನ್ನು ಹೆಚ್ಚು ನಿರ್ಧರಿಸುವುದು ಈ ಇನ್‌ಟೇಕ್ ಮುಚ್ಚುವ ಗಳಿಗೆಯೇ. ಕ್ಯಾಮ್ ಕೊಳ್ಳುವವರು ಲಿಫ್ಟ್, ಅಂದರೆ ವಾಲ್ವು ಏಳುವ ಎತ್ತರ, ಎಷ್ಟು ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಇದನ್ನು.

ಕ್ಯಾಮನ್ನು 4 ಡಿಗ್ರಿ ಮುಂದಿಟ್ಟರೆ, ಅಂದರೆ ಅಡ್ವಾನ್ಸ್ ಮಾಡಿದರೆ, ನಾಲ್ಕು ಘಟನೆಗಳೂ 4 ಡಿಗ್ರಿ ಬೇಗ ಆಗುತ್ತವೆ. ಇನ್‌ಟೇಕ್ 46ಕ್ಕೆ ಮುಚ್ಚುತ್ತದೆ, ಕೆಳಗಿನ ಎಳೆತ ಹೆಚ್ಚುತ್ತದೆ. ಹಿಂದಿಟ್ಟರೆ ಮೇಲಿನ ವೇಗಕ್ಕೆ ಸಹಾಯ. ಒಂದೇ ಕ್ಯಾಮ್‌ಶಾಫ್ಟ್ ಇರುವ ಎಂಜಿನ್ನಿನಲ್ಲಿ ಓವರ್‌ಲ್ಯಾಪ್ 35 ಡಿಗ್ರಿಯೇ ಉಳಿಯುತ್ತದೆ, ಏಕೆಂದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ ಲೋಹದಲ್ಲೇ ಅಚ್ಚಾಗಿದೆ. ಎರಡು ಕ್ಯಾಮ್‌ಶಾಫ್ಟ್ ಇದ್ದರೆ ಇನ್‌ಟೇಕನ್ನು ಮಾತ್ರ 4 ಡಿಗ್ರಿ ಮುಂದಿಡಬಹುದು. ಆಗ ಓವರ್‌ಲ್ಯಾಪ್ 39ಕ್ಕೆ ಏರುತ್ತದೆ. ಜಾವಾ ಹೆಸರು 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಮೂಲಕ ಮರಳಿದಾಗ ಅದರೊಂದಿಗೆ ಬಂದದ್ದು ಇಂಥದೇ ಎಂಜಿನ್: 293 ಸಿಸಿ, ನಾಲ್ಕು ಸ್ಟ್ರೋಕ್, ದ್ರವದಿಂದ ತಂಪಾಗುವ, ತಲೆಯಲ್ಲಿ ಎರಡು ಕ್ಯಾಮ್‌ಶಾಫ್ಟಿನದು. ಯಾದವಗಿರಿಯ ಎಂಜಿನ್ನಿಗೂ ಇದಕ್ಕೂ ಹೆಸರು ಬಿಟ್ಟರೆ ಉಸಿರಾಟದ ಕ್ರಮದಲ್ಲಿ ಯಾವ ನಂಟೂ ಇಲ್ಲ.

ನಾಲ್ಕು ಡಿಗ್ರಿ ಸರಿಸುವುದು ಹೇಗೆ ಎಂಬುದೇ ಬೇರೆ ತೊಡಕು. ಕ್ಯಾಮ್ ಸ್ಪ್ರಾಕೆಟ್ಟಿಗೆ 30 ಹಲ್ಲು ಇದ್ದರೆ ಚೈನನ್ನು ಒಂದು ಹಲ್ಲು ಸರಿಸುವುದೆಂದರೆ ಕ್ಯಾಮಿನಲ್ಲಿ 12, ಕ್ರ್ಯಾಂಕಿನಲ್ಲಿ 24 ಡಿಗ್ರಿ. ಅದು ಹೊಂದಾಣಿಕೆಯಲ್ಲ, ತಪ್ಪು ಜೋಡಣೆ. ಎಂಜಿನ್ ಸ್ಟಾರ್ಟ್ ಆಗದಿರಬಹುದು, ವಾಲ್ವು ಪಿಸ್ಟನ್ನಿಗೆ ಬಡಿಯಲೂಬಹುದು. ಆದ್ದರಿಂದ ಬೋಲ್ಟಿನ ತೂತುಗಳನ್ನು ಉದ್ದಕ್ಕೆ ಸೀಳಿದ ಸ್ಪ್ರಾಕೆಟ್ ಬೇಕಾಗುತ್ತದೆ. ಅದನ್ನು ಬಿಗಿಯುವ ಮೊದಲು ನಿಜವಾದ ಮೇಲ್ತುದಿಯನ್ನು ಕಂಡುಕೊಳ್ಳಬೇಕು. ಪ್ಲಗ್ಗಿನ ತೂತಿನಲ್ಲಿ ಪಿಸ್ಟನ್ನಿಗೆ ತಡೆ ಕೊಟ್ಟು, ಕ್ರ್ಯಾಂಕನ್ನು ಎರಡೂ ದಿಕ್ಕಿನಿಂದ ತಂದು ಡಿಗ್ರಿ ತಟ್ಟೆಯಲ್ಲಿ ಸಿಗುವ ಎರಡು ಓದುಗಳ ನಡುಮಧ್ಯವೇ ಮೇಲ್ತುದಿ. ಪಿಸ್ಟನ್ ಮೇಲ್ಗಡೆ ಕೆಲವು ಡಿಗ್ರಿ ಹೊತ್ತು ಅಲುಗಾಡದಂತೆ ಕಾಣುವುದರಿಂದ ಕಣ್ಣಂದಾಜು ಇಲ್ಲಿ ನಡೆಯದು. ಆಮೇಲೆ ವಾಲ್ವಿನ ತುದಿಗೆ ಡಯಲ್ ಗೇಜ್ ತಾಗಿಸಿ, ಅದು ಒಂದು ಮಿಲಿಮೀಟರ್ ಎದ್ದ ಮತ್ತು ಮರಳಿ ಒಂದು ಮಿಲಿಮೀಟರಿಗೆ ಇಳಿದ ಗಳಿಗೆಗಳನ್ನು ಗುರುತಿಸುತ್ತಾರೆ. ತೆರೆಯುವ ಮೊದಲ ಕ್ಷಣವನ್ನು ಅಳೆಯದಿರಲು ಕಾರಣ, ಕ್ಯಾಮಿನ ಇಳಿಜಾರು ಅಲ್ಲಿ ತುಂಬ ಮೆಲ್ಲನೆ ಏರುತ್ತದೆ. ಕೂದಲೆಳೆಯ ವ್ಯತ್ಯಾಸ ಹತ್ತಾರು ಡಿಗ್ರಿಯಾಗಿ ಕಾಣುತ್ತದೆ.

ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಅಳತೆ ಹೊಸದಲ್ಲ. 1946ರಲ್ಲಿ ಶುರುವಾದ ಎನ್‌ಐಇ, 1963ರ ಎಸ್‌ಜೆಸಿಇ ನಗರದ ಹಳೆಯ ಎಂಜಿನಿಯರಿಂಗ್ ಕಾಲೇಜುಗಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಪಠ್ಯಕ್ರಮದ ಎನರ್ಜಿ ಲ್ಯಾಬಿನಲ್ಲಿ ನಾಲ್ಕು ಸ್ಟ್ರೋಕಿನ ವಾಲ್ವ್ ಟೈಮಿಂಗ್ ಚಿತ್ರ, ಎರಡು ಸ್ಟ್ರೋಕಿನ ಪೋರ್ಟ್ ಟೈಮಿಂಗ್ ಚಿತ್ರ ಎರಡನ್ನೂ ಬರೆಸುತ್ತ ಬಂದಿದ್ದಾರೆ. ವಿಧಾನ ಸರಳ. ಫ್ಲೈವೀಲಿನ ಸುತ್ತಳತೆಯನ್ನು ದಾರದಿಂದ ಅಳೆಯುತ್ತಾರೆ. ವಾಲ್ವು ಎದ್ದಾಗ ಸೀಮೆಸುಣ್ಣದಿಂದ ಗುರುತು ಹಾಕಿ, ಮೇಲ್ತುದಿಯ ಗುರುತಿನಿಂದ ಅಲ್ಲಿಗೆ ಎಷ್ಟು ದೂರವೆಂದು ನೋಡುತ್ತಾರೆ. ಸುತ್ತಳತೆ 1,200 ಮಿ.ಮೀ. ಇದ್ದು ದೂರ 40 ಮಿ.ಮೀ. ಬಂದರೆ ಅದು 12 ಡಿಗ್ರಿ. ಅಂಕಕ್ಕಾಗಿ ಮಾಡಿ ಮರೆಯುವ ಈ ಪ್ರಯೋಗ, ಗ್ಯಾರೇಜಿನಲ್ಲಿ ಕ್ಯಾಮ್ ಹೊಂದಿಸುವವನಿಗೆ ಬೇಕಾದ ಎಲ್ಲ ತತ್ವವನ್ನೂ ಕಲಿಸಿರುತ್ತದೆ.

ಹೊಸ ಕ್ಯಾಮಿಗೆ ಮುನ್ನ ಹಳೆಯ ಚೈನನ್ನು ನೋಡಬೇಕು. ಸಣ್ಣ ಬೈಕುಗಳ ಟೈಮಿಂಗ್ ಚೈನಿನಲ್ಲಿ ಕೊಂಡಿಯಿಂದ ಕೊಂಡಿಗೆ ಸಾಮಾನ್ಯವಾಗಿ 6.35 ಮಿ.ಮೀ. ಎಳೆಯುವ ಬದಿಯಲ್ಲಿ ಚೈನು ಒಂದು ಮಿಲಿಮೀಟರ್ ಉದ್ದವಾದರೆ, 30 ಹಲ್ಲಿನ ಸ್ಪ್ರಾಕೆಟ್ ಇರುವ ಕ್ಯಾಮ್ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 4 ಡಿಗ್ರಿ ಹಿಂದೆ ಬೀಳುತ್ತದೆ. ಟೆನ್ಶನರ್ ಸಡಿಲವನ್ನು ಹೀರಿಕೊಂಡು ಸದ್ದು ಅಡಗಿಸಬಹುದು, ಹಿಂದೆ ಬಿದ್ದ ಟೈಮಿಂಗನ್ನು ಮುಂದಕ್ಕೆ ತರಲಾರದು. ಕಂಪ್ರೆಶನ್ ಹೆಚ್ಚಿಸಲು ಹೆಡ್ಡನ್ನು ಲೇತಿನಲ್ಲಿ ಇಳಿಸಿದಾಗಲೂ ಹೀಗೆಯೇ: ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ ಟೈಮಿಂಗ್ ತುಸು ಹಿಂದೆ ಸರಿಯುತ್ತದೆ. ಗಾಡಿಯ ಪಿಕಪ್ ಹೋಯಿತು ಎಂದು ಕ್ಯಾಮ್ ಬದಲಿಸಲು ಬರುವ ಎಷ್ಟೋ ಎಂಜಿನ್ನುಗಳಿಗೆ ಬೇಕಿರುವುದು ಹೊಸ ಚೈನ್ ಮಾತ್ರ.

ಟ್ಯಾಪೆಟ್, ರಾಕರ್, ಸ್ಪ್ರಿಂಗ್

ಎಲ್ಲರ ಕೈಗೆ ಎಟಕುವ ಹೊಂದಾಣಿಕೆ ಟ್ಯಾಪೆಟ್ ಸೆಟ್ಟಿಂಗ್. ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಶನ್ನಿನ ಮೇಲ್ತುದಿಯಲ್ಲಿ, ರಾಕರ್ ಮತ್ತು ವಾಲ್ವಿನ ತುದಿಯ ನಡುವೆ ಫೀಲರ್ ಗೇಜ್ ತೂರಿಸಿ ಅಳೆಯುತ್ತಾರೆ. ಇಂದಿನ ಸಣ್ಣ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಸುತ್ತಮುತ್ತ, ಹೆಚ್ಚು ಕಾಯುವ ಎಕ್ಸಾಸ್ಟಿಗೆ ಹಲವು ಎಂಜಿನ್ನುಗಳಲ್ಲಿ ತುಸು ಜಾಸ್ತಿ. ಪಕ್ಕಾ ಅಳತೆ ಆಯಾ ಬಂಡಿಯ ಪುಸ್ತಕದಲ್ಲಿರುತ್ತದೆ. ಹಳೆಯ ಬುಲೆಟ್ಟಿನ ಪುಶ್‌ರಾಡನ್ನು ಬೆರಳಿನಿಂದ ತಿರುಗಿಸಿ, ತಿರುಗಬೇಕು ಆದರೆ ಮೇಲೆ ಕೆಳಗೆ ಆಡಬಾರದು ಎಂದು ನೋಡಿ ಬಿಗಿಯುತ್ತಿದ್ದ ಕೈಗೆ ಗೇಜೇ ಬೇಕಾಗಿರಲಿಲ್ಲ. ಆ ಅಂದಾಜನ್ನು ಹೊಸ ಅಲ್ಯೂಮಿನಿಯಂ ಎಂಜಿನ್ನುಗಳಿಗೆ ಒಯ್ಯಬಾರದು.

ಸಂದು ಜಾಸ್ತಿಯಾದರೆ ವಾಲ್ವು ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಲಿಫ್ಟ್ ಇಳಿಯುತ್ತದೆ, ಟಕಟಕ ಸದ್ದು ಬರುತ್ತದೆ. ಕಡಿಮೆಯಾದರೆ ಸದ್ದಿಲ್ಲ, ಅಪಾಯ ಇರುವುದೇ ಅಲ್ಲಿ. ಬಿಸಿಗೆ ಹಿಗ್ಗಿದ ವಾಲ್ವು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯ ಬಹುಭಾಗವನ್ನು ಬಿಟ್ಟುಕೊಡುವುದು ಸೀಟಿನ ಮೂಲಕ. ಕೂರದ ವಾಲ್ವು ಅಂಚಿನಿಂದ ಸುಟ್ಟು ಕಂಪ್ರೆಶನ್ ಸೋರುತ್ತದೆ. ಸದ್ದು ಬರದ ಎಂಜಿನ್ ಒಳ್ಳೆಯದೆಂದು ಟ್ಯಾಪೆಟ್ಟನ್ನು ಬಿಗಿ ಮಾಡಿಸಿಕೊಳ್ಳುವ ರೂಢಿ ನಮ್ಮಲ್ಲಿ ತುಂಬಾ ಇದೆ. ಅದು ಹೋಗಲೇಬೇಕು.

ವಾಲ್ವಿನ ಲಿಫ್ಟಿಗೂ ಒಂದು ಮಿತಿ ಇದೆ. ವಾಲ್ವಿನ ತಲೆಯ ವ್ಯಾಸದ ನಾಲ್ಕನೆಯ ಒಂದು ಭಾಗ ಎದ್ದರೆ ಸುತ್ತಲಿನ ಕಿಂಡಿಯ ವಿಸ್ತೀರ್ಣ ತಲೆಯ ವಿಸ್ತೀರ್ಣಕ್ಕೆ ಸಮವಾಗುತ್ತದೆ: 26 ಮಿ.ಮೀ. ವಾಲ್ವಿಗೆ 6.5 ಮಿ.ಮೀ. ಅದರಾಚೆಗೆ ಎತ್ತಿದರೂ ಲಾಭ ಕ್ಷೀಣ. ಗಾಳಿಯನ್ನು ತಡೆಯುವುದು ಆಗ ಪೋರ್ಟು. ಲಿಫ್ಟನ್ನು ಹೆಚ್ಚಿಸದೆ ಕಿಂಡಿಯನ್ನು ದೊಡ್ಡದು ಮಾಡುವ ಉಪಾಯವೇ ನಾಲ್ಕು ವಾಲ್ವು. 30 ಮಿ.ಮೀ.ನ ಒಂದು ಇನ್‌ಟೇಕ್ ವಾಲ್ವಿನ ಸುತ್ತಳತೆ ಸುಮಾರು 94 ಮಿ.ಮೀ.; 24 ಮಿ.ಮೀ.ನ ಎರಡು ವಾಲ್ವುಗಳದು ಸೇರಿ 151. ಅಷ್ಟೇ ಲಿಫ್ಟಿಗೆ ಕಿಂಡಿ ಶೇ. 60ರಷ್ಟು ದೊಡ್ಡದಾಗುತ್ತದೆ, ಒಂದೊಂದು ವಾಲ್ವೂ ಹಗುರ. ಮೈಸೂರಿನ ಕಡಕೊಳದ ಬಳಿ ಕಾರ್ಖಾನೆ ಹೊಂದಿರುವ ಟಿವಿಎಸ್ ಕಂಪನಿಯ ಅಪಾಚೆ ಸಾಲಿನಲ್ಲಿ ಈ ಬದಲಾವಣೆಯನ್ನು ನೋಡಬಹುದು. ಆರ್‌ಟಿಆರ್ 160ರಲ್ಲಿ ಬೋರ್ 62, ಸ್ಟ್ರೋಕ್ 52.9 ಮಿ.ಮೀ., ಎರಡು ವಾಲ್ವು. 2016ರಲ್ಲಿ ಬಂದ ಆರ್‌ಟಿಆರ್ 200ರಲ್ಲಿ ಬೋರ್ 66, ಸ್ಟ್ರೋಕ್ 57.8, ನಾಲ್ಕು ವಾಲ್ವು. ಎರಡರಲ್ಲೂ ಬೋರು ಸ್ಟ್ರೋಕಿಗಿಂತ ದೊಡ್ಡದು, ಜಾವಾದ ಅಳತೆಗೆ ನೇರ ವಿರುದ್ಧ. ಬೋರು ಅಗಲವಾದಷ್ಟೂ ವಾಲ್ವುಗಳಿಗೆ ಜಾಗ, ಸ್ಟ್ರೋಕು ಚಿಕ್ಕದಾದಷ್ಟೂ ಸುತ್ತುವ ವೇಗಕ್ಕೆ ಅವಕಾಶ.

ರಾಕರಿನ ಅನುಪಾತವನ್ನು 1.2ರಿಂದ 1.3ಕ್ಕೆ ಏರಿಸಿದರೆ ಅದೇ ಕ್ಯಾಮಿನಲ್ಲಿ ಲಿಫ್ಟ್ ಶೇ. 8ರಷ್ಟು ಹೆಚ್ಚುತ್ತದೆ, ಸ್ಪ್ರಿಂಗಿನ ಮೇಲಿನ ಭಾರವೂ ಏರುತ್ತದೆ. ವಾಲ್ವನ್ನು ಕ್ಯಾಮಿಗೆ ಅಂಟಿಸಿಡುವುದು ಸ್ಪ್ರಿಂಗ್. ಎಂಜಿನ್ ವೇಗ ಹೆಚ್ಚಿದಂತೆ ವಾಲ್ವಿನ ಜಡತೆಯ ಬಲ ವೇಗದ ವರ್ಗದಷ್ಟು ಬೆಳೆಯುತ್ತದೆ. 8,000ದಿಂದ 9,000 ಸುತ್ತಿಗೆ ಹೋದರೆ ಅದು ಶೇ. 27ರಷ್ಟು ಜಾಸ್ತಿ. ಸ್ಪ್ರಿಂಗ್ ಸೋತರೆ ವಾಲ್ವು ಕ್ಯಾಮನ್ನು ಬಿಟ್ಟು ತೇಲಿ, ಮರಳಿ ಸೀಟಿಗೆ ಬಡಿಯುತ್ತದೆ. ಹಾಗೆಂದು ಅಗತ್ಯಕ್ಕಿಂತ ಗಡುಸು ಸ್ಪ್ರಿಂಗ್ ಹಾಕಿದರೆ ಕ್ಯಾಮಿನ ಮೂಗು, ರಾಕರಿನ ಮುಖ ಸವೆಯುತ್ತವೆ. ಈ ತೊಂದರೆಯನ್ನೇ ಬೇರು ಸಮೇತ ಕೀಳಲು ಇಟಲಿಯ ಡುಕಾಟಿಯಲ್ಲಿ ಫಾಬಿಯೊ ಟಾಲಿಯೋನಿ 1956ರಲ್ಲಿ ವಾಲ್ವನ್ನು ಮುಚ್ಚಲೂ ಒಂದು ಕ್ಯಾಮನ್ನು ಇಟ್ಟ ಓಟದ ಎಂಜಿನ್ ಕಟ್ಟಿದರು.

ಲಿಫ್ಟ್ ಅಥವಾ ಟೈಮಿಂಗ್ ಬದಲಿಸಿದಾಗ ವಾಲ್ವು ಮತ್ತು ಪಿಸ್ಟನ್ನಿನ ನಡುವಿನ ಜಾಗವನ್ನು ನೋಡಲೇಬೇಕು. ಮಕ್ಕಳ ಆಟದ ಮೇಣದಂಥ ಜೇಡಿಯನ್ನು ಪಿಸ್ಟನ್ ತಲೆಯ ಮೇಲಿಟ್ಟು, ಎಂಜಿನ್ ಜೋಡಿಸಿ ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ ಒತ್ತಿದ ದಪ್ಪವನ್ನು ಅಳೆಯುತ್ತಾರೆ. ಒಂದೂವರೆ ಎರಡು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಆ ಕ್ಯಾಮ್ ಆ ಎಂಜಿನ್ನಿಗಲ್ಲ. ಕ್ಯಾಮಿನ ಉಬ್ಬನ್ನು ಕೈಯಿಂದ ಗ್ರೈಂಡ್ ಮಾಡಿ ಆಕಾರ ಬದಲಿಸುವುದು ಇನ್ನೂ ಕೆಟ್ಟದ್ದು. ಗಡಸು ಮಾಡಿದ ಮೇಲ್ಪದರ ತೆಳು. ಅದು ಹೋದರೆ ಒಳಗಿನ ಮೆದು ಲೋಹ ಕೆಲವೇ ದಿನಗಳಲ್ಲಿ ಸವೆದು ಎಣ್ಣೆಯಲ್ಲಿ ಪುಡಿಯಾಗಿ ಸುತ್ತುತ್ತದೆ.

ಎಣ್ಣೆಯ ಒತ್ತಡದಿಂದ ತಿರುಗುವ ಕ್ಯಾಮ್

ಸ್ಥಿರ ಟೈಮಿಂಗಿನ ಇಕ್ಕಟ್ಟನ್ನು ಬಿಡಿಸಿದ್ದು ಓಡುವಾಗಲೇ ಟೈಮಿಂಗ್ ಬದಲಿಸುವ ಎಂಜಿನ್ನುಗಳು. 1980ರಲ್ಲಿ ಆಲ್ಫಾ ರೋಮಿಯೊ ಇದನ್ನು ಮಾರಾಟದ ಕಾರಿಗೆ ತಂದಿತು. 1989ರಲ್ಲಿ ಹೋಂಡಾ, ಕೆಳಗಿನ ವೇಗಕ್ಕೊಂದು ಮೇಲಿನ ವೇಗಕ್ಕೊಂದು ಉಬ್ಬು ಬಳಸುವ ವಿಟೆಕ್ ಕೊಟ್ಟಿತು. ಟೊಯೋಟಾದ ವಿವಿಟಿ–ಐ ಎಣ್ಣೆಯ ಒತ್ತಡದಿಂದ ಕ್ಯಾಮನ್ನು ಅದರ ಸ್ಪ್ರಾಕೆಟ್ಟಿನೊಳಗೆ ಹಿಂದೆ ಮುಂದೆ ತಿರುಗಿಸುತ್ತದೆ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 1999ರಲ್ಲಿ ಉತ್ಪಾದನೆ ಶುರುಮಾಡಿದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಕೊರೊಲ್ಲಾ ಆಲ್ಟಿಸ್‌ನಂಥ ಕಾರುಗಳಲ್ಲಿ ಈ ವ್ಯವಸ್ಥೆ ಬಂತು. ಇಂಥ ಎಂಜಿನ್ನಿನಲ್ಲಿ ಸ್ಪ್ಯಾನರ್ ಹಿಡಿದು ಹೊಂದಿಸುವುದೇನೂ ಉಳಿದಿಲ್ಲ. ಆದರೆ ಎಣ್ಣೆ ಹಳಸಿ ಗಸಿ ಕಟ್ಟಿದರೆ ಸಣ್ಣ ಕೊಳವೆಗಳು ಮುಚ್ಚಿ ಕ್ಯಾಮ್ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ.

ಎಂಜಿನ್ ತಯಾರಿಕೆ ಮೈಸೂರಿನಲ್ಲಿ ಬೈಕಿನೊಂದಿಗೆ ಮುಗಿದಿಲ್ಲ. ಬಿಇಎಂಎಲ್ ಸಂಸ್ಥೆಯ ಎಂಜಿನ್ ವಿಭಾಗ ಇಲ್ಲಿದೆ. ಯುದ್ಧ ಟ್ಯಾಂಕಿಗಾಗಿ ದೇಶದಲ್ಲೇ ರೂಪಿಸಿದ 1,500 ಅಶ್ವಶಕ್ತಿಯ ಡೀಸೆಲ್ ಎಂಜಿನ್ನನ್ನು 2024ರ ಮಾರ್ಚ್ 20ರಂದು ಮೊದಲ ಬಾರಿಗೆ ಚಾಲೂ ಮಾಡಿ ಪರೀಕ್ಷಿಸಿದ್ದು ಇದೇ ವಿಭಾಗದಲ್ಲಿ. ಡೀಸೆಲ್ ಎಂಜಿನ್ನಿನ ಕಂಪ್ರೆಶನ್ ಹೆಚ್ಚು, ಪಿಸ್ಟನ್ ಹೆಡ್ಡಿನ ಅತಿ ಹತ್ತಿರಕ್ಕೆ ಬರುತ್ತದೆ. ವಾಲ್ವು ಟೈಮಿಂಗಿನ ತಪ್ಪಿಗೆ ಅಲ್ಲಿ ಪೆಟ್ರೋಲ್ ಎಂಜಿನ್ನಿನಷ್ಟೂ ಕ್ಷಮೆಯಿಲ್ಲ.

ಎತ್ತರ, ಹೊಗೆ, ಕಾನೂನು

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇ. 9ರಷ್ಟು ಕಡಿಮೆ. 2,240 ಮೀಟರಿನ ಊಟಿಯಲ್ಲಿ ಶೇ. 24ರಷ್ಟು ಕಡಿಮೆ. ಕಾರ್ಬುರೇಟರ್ ಎಂಜಿನ್ ಅಲ್ಲಿ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬಿಡುತ್ತದೆ. ಬದಲಿಸಬೇಕಾದದ್ದು ಜೆಟ್, ಕ್ಯಾಮಲ್ಲ. ಬೇರೆ ಊರಿನ, ಬೇರೆ ಹವೆಯ ಅಳತೆಗಳನ್ನು ಹೋಲಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕ್ಯಾಮಿನ ಲಾಭ ನಷ್ಟ ಯಾವುದೂ ತಿಳಿಯುವುದಿಲ್ಲ. ಎಂಜಿನ್ ಹೇಗೆ ಎಳೆಯುತ್ತದೆ ಎಂದು ನೋಡಲು ಚಾಮುಂಡಿ ಬೆಟ್ಟದ ಏರು ಒಳ್ಳೆಯದೇ, ಆದರೆ ಅದು ಡೈನಮೋಮೀಟರಿನ ಜಾಗ ತುಂಬಲಾರದು.

ಮೋಟಾರು ವಾಹನ ಕಾಯಿದೆ 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಓಟದ ಕ್ಯಾಮ್, ತೀಡಿದ ಪೋರ್ಟು, ತಡೆ ಕಿತ್ತ ಸೈಲೆನ್ಸರುಗಳ ಜಾಗ ರೇಸ್ ಟ್ರ್ಯಾಕು. ರಸ್ತೆಯ ಗಾಡಿಯ ಹೊಗೆ ತಪಾಸಣೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ನಡೆಯುತ್ತದೆ, ಮತ್ತು ದೊಡ್ಡ ಓವರ್‌ಲ್ಯಾಪಿನ ಕ್ಯಾಮ್ ಸಿಕ್ಕಿಬೀಳುವುದು ಆಗಲೇ: ಸುಡದ ಪೆಟ್ರೋಲು ನೇರವಾಗಿ ಎಕ್ಸಾಸ್ಟಿಗೆ ಸೋರಿ ಹೈಡ್ರೊಕಾರ್ಬನ್ ಅಂಕಿ ಏರುತ್ತದೆ. 2000ದ ಮಾರ್ಚ್ ಕೊನೆಯವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಮಿತಿ ಕಾರ್ಬನ್ ಮಾನಾಕ್ಸೈಡ್ ಶೇ. 4.5, ಹೈಡ್ರೊಕಾರ್ಬನ್ ಹತ್ತು ಲಕ್ಷಕ್ಕೆ 9,000 ಭಾಗ. ಅದರ ನಂತರ ಬಂದ ನಾಲ್ಕು ಸ್ಟ್ರೋಕಿನವುಗಳಿಗೆ ಶೇ. 3.5 ಮತ್ತು 4,500 ಎಂದಾಯಿತು; ಬಿಎಸ್–6 ವಾಹನಗಳಿಗೆ ಇನ್ನೂ ಬಿಗಿ. ಮೂಲ ಅಳತೆಯ ಪೋರ್ಟು, ಸರಿಯಾದ ಜೆಟ್, ಹೊಸ ರಿಂಗುಗಳಿರುವ ಯೆಜ್ದಿಗೆ ಹಳೆಯ ಬಂಡಿಗಳ ಆ ಮಿತಿಯೊಳಗೆ ಇರುವುದು ಕಷ್ಟವಲ್ಲ.